ಮಸಿಹಂಚಿನ ಕೆರಿಯಪ್ಪ

ಹೊಸನಗರದ ಕಡೆಯ ಕೆರಿಯಪ್ಪನಿಗೆ ವರ್ಷದಲ್ಲಿ ನಾಲ್ಕು ತಿಂಗಳು ನೆಲದ ಮೇಲೆ ಕೆಲಸವಿಲ್ಲ. ಸಂಕ್ರಾಂತಿ ಕಳೆದು ಏಣಿ ಹೆಗಲಿಗೇರಿಸಿದನೆಂದರೆ ಮಳೆ ಹಿಡಿಯುವ ತನಕ ಅವನದು ಮಾಡಿನ ಮೇಲಿನ ಬದುಕು. ಹಂಚು ಕೈಯಾಡಿಸುವುದು ಅವನ ಕಸುಬು. ಮಾಡಿನ ಹಂಚನ್ನೆಲ್ಲ ಒಂದೊಂದಾಗಿ ಎಬ್ಬಿಸಿ, ತರಗೆಲೆ ಕೊಡವಿ, ಒಡೆದದ್ದನ್ನು ಬದಲಾಯಿಸಿ, ಮಳೆಗಾಲಕ್ಕೆ ಒಂದು ಹನಿಯೂ ಒಳಗಿಳಿಯದ ಹಾಗೆ ವಾಪಸ್ ಕೂರಿಸಬೇಕು. ಶಾಲೆ, ಸೊಸೈಟಿ, ಅಕ್ಕಿ ಗಿರಣಿ, ಹೋಟೆಲು, ಪೋಸ್ಟಾಫೀಸು ಎಂದು ತೀರ್ಥಹಳ್ಳಿಯಿಂದ ಸಾಗರದವರೆಗೆ ಅವನು ಹತ್ತದ ಮಾಡು ಕಮ್ಮಿ. ಐವತ್ತಮೂರು ವರ್ಷದ ಸಣಕಲು ಆಳು. ಮಾತೂ ಹಾಗೇ, ಸಣಕಲು.

ಮಟಮಟ ಮಧ್ಯಾಹ್ನ ಹಂಚು ಕಾದು ಕಾಲಿಡಲಾಗದ ಹೊತ್ತಿನಲ್ಲಿ ಜೊತೆಯ ಆಳುಗಳು ಉಂಡು ನೆರಳಲ್ಲಿ ಅಡ್ಡಾಗುತ್ತಿದ್ದರು. ಕೆರಿಯಪ್ಪನಿಗೆ ಹಗಲು ನಿದ್ದೆ ಬಾರದು. ಅಡುಗೆಮನೆಯ ಮೇಲಿಂದ ಇಳಿಸಿದ ಹಂಚೊಂದನ್ನು ತೊಡೆಯ ಮೇಲೆ ಮಗುಚಿಟ್ಟುಕೊಳ್ಳುತ್ತಿದ್ದ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಅದರ ಒಳಮೈ ಕರ್ರಗೆ ಮಿರುಗುತ್ತಿರುತ್ತಿತ್ತು. ಮೊಳೆಯಿಂದ ಗೀರಿದರೆ ಮಸಿಯ ಕೆಳಗಿಂದ ಕೆಂಪು ಗೆರೆ ಏಳುತ್ತಿತ್ತು. ಬೆಳಿಗ್ಗೆಯಿಂದ ಮಾಡಿನ ಮೇಲೆ ಕೂತು ಕಂಡದ್ದನ್ನೆಲ್ಲ ಅವನು ಹಾಗೆ ಗೀರುತ್ತಿದ್ದ. ನಗರವೆಂಬ ಊರಿನ ಕೋಟೆಯ ಗೋಡೆ, ಅದರಾಚೆಯ ಕೆರೆ, ಸಾಲು ಮನೆಗಳ ಹಿತ್ತಿಲು, ಬಟ್ಟೆ ಒಣಹಾಕಿದ ತಂತಿ, ಡಿಶ್ ಆಂಟೆನಾ, ಗುಡ್ಡದ ಹಿಂದೆ ಗುಡ್ಡ. ಮುಗಿದ ಮೇಲೆ ಹಂಚನ್ನು ಇದ್ದ ಜಾಗಕ್ಕೇ, ಚಿತ್ರ ಕೆಳಮುಖವಾಗಿ ಕೂರಿಸಿಬಿಡುತ್ತಿದ್ದ. ಅಡುಗೆಮನೆಯ ಕತ್ತಲಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎರಡು ವರ್ಷದ ಹೊಗೆಗೆ ಗೆರೆಗಳು ತಾವಾಗಿಯೇ ಮುಚ್ಚಿಹೋಗುತ್ತಿದ್ದವು. ಇದನ್ನು ಅವನು ಹೆಂಡತಿ ಪುಷ್ಪಮ್ಮನಿಗೂ ಹೇಳಿರಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡಿದ್ದ.

ಆದರೆ ಊರ ಒಲೆಗಳೆಲ್ಲ ಗ್ಯಾಸಿಗೆ ಬದಲಾಗುತ್ತಿದ್ದವು ಎಂಬುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ತೀರ್ಥಹಳ್ಳಿಯಲ್ಲಿ ದುಗ್ಗಪ್ಪ ಗೌಡರ ತಿಂಡಿ ಹೋಟೆಲು ಹಳೆಯದು. ಎರಡು ವರ್ಷದ ಹಿಂದೆ ಅವರ ಮಗ ಸತೀಶ್ ಹಿಂಬದಿಯ ಅಡುಗೆಮನೆಗೆ ಸ್ಲ್ಯಾಬ್ ಹಾಕಿಸಲೆಂದು ಹಂಚು ಇಳಿಸಿದ. ಅಂಗಳದಲ್ಲಿ ಪೇರಿಸುವಾಗ ಒಂದು ಹಂಚಿನ ಒಳಮೈಯಲ್ಲಿ ಏನೋ ಗೆರೆ ಕಂಡಿತು. ಬಟ್ಟೆಯಲ್ಲಿ ಧೂಳು ಹೊಡೆದು ನೋಡಿದರೆ ಹೊಳೆ! ಕಮಾನಿನ ಸೇತುವೆ, ಹೊಳೆಯ ನಡುವಿನ ಬಂಡೆಗಳು, ಅಂಗಡಿ ಸಾಲಿನ ಬೆನ್ನು. ಕೆಳಗಿನ ಮೂಲೆಯಲ್ಲಿ ಅವರದೇ ಹೋಟೆಲಿನ ಹಿತ್ತಿಲು. ಅಲ್ಲಿ ಬೆಂಚಿನ ಮೇಲೆ ಹೊಟ್ಟೆಗೆ ಪೇಪರು ಹೊದ್ದು, ಬಾಯಿ ಕಳೆದು ಮಲಗಿದ್ದ ದುಗ್ಗಪ್ಪ ಗೌಡರು.

ಸತೀಶ್ ಅದನ್ನು ಕ್ಯಾಶ್ ಟೇಬಲ್ಲಿನ ಹಿಂದೆ ನೇತುಹಾಕಿದ. ಅವತ್ತು ಕಾಫಿ ಕುಡಿಯಲು ಬಂದವರೆಲ್ಲ ಒಮ್ಮೆ ಹಂಚು ನೋಡುವುದು, ಒಮ್ಮೆ ದುಗ್ಗಪ್ಪ ಗೌಡರನ್ನು ನೋಡುವುದು, ಲೋಟದಲ್ಲೇ ನಗುವುದು.

"ಎಂತಕ್ಕೆ ನಗ್ತಾರೆ ಇವ್ರೆಲ್ಲ?" ಎಂದು ಗೌಡರು ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ನೋಡಿದರು. ಮುಖ ಕೆಂಪಾಯಿತು. "ಇದು ಆ ಕೆರಿಯಪ್ಪನ ಕೆಲಸವೇ. ಎಂಟು ವರ್ಷದ ಕೆಳಗೆ ಕೈಯಾಡ್ಸಿದ್ದು ಅವ್ನೇ. ಮರುವರ್ಷ ನಾವು ಗ್ಯಾಸ್ ಹಾಕ್ಸಿದ್ವಿ. ಕರೆಸು ಅವನ್ನ!"

ಕೆರಿಯಪ್ಪನಿಗೆ ಫೋನು ಹೋಯಿತು. ಸೇತುವೆಯ ಚಿತ್ರವಿರುವ ಹಂಚು ಸಿಕ್ಕಿದೆ, ಗೌಡರು ಬರಹೇಳಿದ್ದಾರೆ ಎಂದಷ್ಟೇ ಸತೀಶ್ ಹೇಳಿದ್ದ. ಹಂಚು ಹಾಳುಮಾಡಿದ್ದಕ್ಕೆ ದಂಡ ಕೇಳುತ್ತಾರೋ, ಮಲಗಿದವರ ಚಿತ್ರ ಬರೆದಿದ್ದಕ್ಕೆ ಬಯ್ಯುತ್ತಾರೋ ಎಂದು ಯೋಚಿಸುತ್ತ, ಒಳ್ಳೆಯ ಹಂಚು ಎರಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಹೋಟೆಲಿಗೆ ಬಂದವನು ಬಾಗಿಲಲ್ಲೇ ನಿಂತು, "ತಪ್ಪಾತು ಗೌಡ್ರೆ. ಬದಲಿ ತಂದೀನಿ," ಎಂದ.

"ಬದಲಿಯಂತೆ ಬದಲಿ! ಹೊಟ್ಟೆ ಇಷ್ಟು ದೊಡ್ಡದು ಮಾಡಿದ್ದೀಯಲ್ಲ, ಅದಕ್ಕೆ ಎಂತ ಹೇಳ್ತೀಯ?" ಎಂದರು ಗೌಡರು.

ಕೆರಿಯಪ್ಪ ಹಂಚನ್ನೂ ಗೌಡರನ್ನೂ ಒಂದು ಗಳಿಗೆ ದಿಟ್ಟಿಸಿ ನೋಡಿ, ಪ್ರಾಮಾಣಿಕವಾಗಿ, "ಆವಾಗ ಅಷ್ಟೇ ಇತ್ತು," ಎಂದ.

ಮೊದಲು ನಕ್ಕಿದ್ದು ಗೌಡರೇ. ಕೆರಿಯಪ್ಪನಿಗೆ ಎರಡು ಪ್ಲೇಟ್ ಕಡುಬು ಬಂತು.

ಅಂದು ಹೋಟೆಲಿನಲ್ಲಿ ಗೌಡರ ಮಗಳು ರಕ್ಷಾ ಇದ್ದಳು. ಸಾಗರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಹಂಚನ್ನು ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ಇಂಥವು ಎಷ್ಟು ಮಾಡಿದ್ದೀರಿ ಕೆರಿಯಪ್ಪಣ್ಣ?" ಎಂದು ಕೇಳಿದಳು.

"ಎಣ್ಸಿಲ್ಲ. ವರ್ಷಕ್ಕೆ ಒಂದ್ ನಲವತ್ತು ಮನೆ. ಇಪ್ಪತ್ತೈದು ವರ್ಷ ಆಯ್ತು."

ರಕ್ಷಾ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಫೋಟೋ ತೆಗೆದು, ನಾಲ್ಕು ಸಾಲು ಬರೆದು ವಾಟ್ಸಾಪಿಗೆ ಹಾಕಿದಳು. ಹಾಕಬಾರದಿತ್ತೆಂದು ಆಮೇಲೆ ಅವಳಿಗೇ ಅನ್ನಿಸಿತು. ಯಾಕೆಂದರೆ ಒಂದೇ ವಾರದಲ್ಲಿ ಮೂರು ತಾಲ್ಲೂಕಿನ ಜನ ಟಾರ್ಚು ಹಿಡಿದು ಅಟ್ಟ ಹತ್ತಿದ್ದರು. ಕೆರಿಯಪ್ಪನ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. "ನಮ್ಮನೇಲಿ ಬರೆದಿದ್ಯಾ?" "ಯಾವ ಸಾಲಲ್ಲಿ?" "ನಮ್ಮ ತಾಯಿ ಇದಾರಾ ಅದ್ರಲ್ಲಿ?" ಅಟ್ಟ ಹತ್ತಿದ ಬಹಳಷ್ಟು ಮಂದಿಗೆ ಸಿಕ್ಕಿದ್ದು ಜೇಡರ ಬಲೆ. ಸರಿಯಾದ ಹೊತ್ತಿಗೆ ಸೌದೆ ಒಲೆ ಬಿಟ್ಟ ಏಳೆಂಟು ಮನೆಗಳಲ್ಲಿ ಮಾತ್ರ ಚಿತ್ರ ಉಳಿದಿತ್ತು.

ಹೊಸನಗರದ ನಿರಂಜನ ಮೇಷ್ಟ್ರು ನಿವೃತ್ತರು. ಅವರು ತಾವೇ ಮಾಡು ಹತ್ತಿ ಅರವತ್ತು ಹಂಚು ಕಿತ್ತರು. ಚಿತ್ರ ಸಿಗಲಿಲ್ಲ, ಕಿತ್ತ ಹಂಚು ವಾಪಸ್ ಕೂರಲೂ ಇಲ್ಲ. ಅಷ್ಟರಲ್ಲಿ ಮೋಡ ಕಟ್ಟಿತು. ಕೆರಿಯಪ್ಪನೇ ಓಡಿಹೋಗಿ ಸರಿಮಾಡಬೇಕಾಯಿತು.

"ಎಲ್ಲರ ಮನೇಲೂ ಬರೆದು ನಮ್ಮನೇಲಿ ಯಾಕಯ್ಯ ಬರೀಲಿಲ್ಲ? ನಿಂಗೆ ಊಟ ಹಾಕಿಲ್ವಾ ನಾವು?" ಮೇಷ್ಟ್ರಿಗೆ ನಿಜವಾಗಿಯೂ ಬೇಸರವಾಗಿತ್ತು.

"ನಿಮ್ಮನೇಲಿ ಮಸಿ ಇರ್ಲಿಲ್ಲ ಸಾರ್. ಮೊದ್ಲಿಂದ ಗ್ಯಾಸು."

ಇಡೀ ಬೀದಿಗೇ ಮೊದಲು ಗ್ಯಾಸ್ ತಂದವರು ತಾವು ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ ಮೇಷ್ಟ್ರು ಎದ್ದು ಒಳಗೆ ಹೋದರು.

ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ರಕ್ಷಾ ಸ್ಕೂಟರಿನಲ್ಲಿ ಕೆರಿಯಪ್ಪನ ಮನೆಗೇ ಬಂದಳು. ಹೊಸದಾಗಿ ಮಾಡಿ, ಮಾರಾಟಕ್ಕಿಡೋಣ, ಸಾಗರದಲ್ಲಿ ಜಾಗ ನಾನು ನೋಡುತ್ತೇನೆ ಎಂದಳು. ತಾನು ಎಣಿಸಿದ ಬೆಲೆಯನ್ನೂ ಹೇಳಿದಳು.

"ಒಂದ್ ಹಂಚಿಗಾ?" ಎಂದು ಕೆರಿಯಪ್ಪ ಬಾಗಿಲಿನ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ.

ಕೇಳಿಸಿಕೊಂಡವಳು ಪುಷ್ಪಮ್ಮ. ಇಪ್ಪತ್ತೈದು ವರ್ಷ ತನ್ನಿಂದ ಮುಚ್ಚಿಟ್ಟನಲ್ಲ ಎಂದು ಅವಳು ಹದಿನೈದು ದಿನದಿಂದ ಗಂಡನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಚಾ ಲೋಟ ಕುಕ್ಕಿ, "ಮಸಿ ಎಲ್ಲಿಂದ ತರ್ತೀರಿ? ಎಲ್ಲರ ಮನೇಲೂ ಗ್ಯಾಸು. ಅದನ್ನ ಯೋಚನೆ ಮಾಡಿದ್ರಾ ಇಬ್ರೂ?" ಎಂದಳು.

ಇಬ್ಬರೂ ಯೋಚಿಸಿರಲಿಲ್ಲ. ಯೋಚಿಸಿದ್ದು ಅವಳೇ. ಅವರ ಬಚ್ಚಲುಮನೆಯಲ್ಲಿ ನೀರು ಕಾಯುವುದು ಇನ್ನೂ ಸೌದೆಯಲ್ಲೇ. ಮಾರನೆಯ ದಿನ ಹಂಡೆಯ ಒಲೆಯಿಂದ ಹೊಗೆ ಏಳುವ ಕಡೆ ಎರಡು ಕಬ್ಬಿಣದ ಸರಳು ಅಡ್ಡ ಹಾಕಿ ಹಂಚುಗಳನ್ನು ಒಳಮೈ ಕೆಳಗಾಗಿ ಜೋಡಿಸಿದಳು. ಒಣ ಸೌದೆಗೆ ಮಸಿ ತೆಳು, ತೆಂಗಿನ ಗರಿಗೆ ಪುಡಿಪುಡಿ, ಅರೆ ಹಸಿಯ ಮಾವಿನ ಕೊಂಬೆಗೆ ಬೆಣ್ಣೆಯಂಥ ಮಸಿ ಎಂಬುದನ್ನೆಲ್ಲ ತಾನೇ ಸುಟ್ಟು ನೋಡಿ ಕಂಡುಕೊಂಡಳು. ಮಳೆಗಾಲವಿಡೀ ಅವರ ಮನೆಯಲ್ಲಿ ಬಿಸಿನೀರಿಗೆ ಬರವಿರಲಿಲ್ಲ.

ಮಸಿಹಂಚು ಸಿದ್ಧವಾಯಿತು. ರಕ್ಷಾ ಕಳಿಸಿದ ಇಕ್ಕೇರಿ ದೇವಸ್ಥಾನದ ಫೋಟೋವನ್ನು ಮೊಬೈಲಿನಲ್ಲಿ ಎದುರಿಗಿಟ್ಟುಕೊಂಡು ಕೆರಿಯಪ್ಪ ಜಗಲಿಯಲ್ಲಿ ಕೂತ. ಮೂರು ದಿನ ಗೀರಿದ. ಕಂಬ, ಮೆಟ್ಟಿಲು, ಕಲ್ಲಿನ ಕಿಟಕಿ, ಎಲ್ಲ ಇದ್ದಲ್ಲೇ ಇದ್ದವು. ಪುಷ್ಪಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಬ್ಯಾಂಕಿನ ಕ್ಯಾಲೆಂಡರ್ ಥರ ಐತೆ," ಎಂದಳು.

ಅವನಿಗೂ ಹಾಗೇ ಅನ್ನಿಸಿತ್ತು. ಮೊಳೆ ಅದೇ, ಕೈ ಅದೇ, ಆದರೂ ಗೆರೆಗೆ ಜೀವವಿರಲಿಲ್ಲ. ಎರಡು ದಿನ ಸುಮ್ಮನೆ ಕೂತು, ಮೂರನೆಯ ದಿನ ಮಳೆ ಬಿಟ್ಟು ಹೊಳವಾದದ್ದೇ ಇಕ್ಕೇರಿಗೆ ಹೋದ. ದೇವಸ್ಥಾನದ ಹತ್ತಿರ ತಾನು ಹಿಂದೆ ಕೈಯಾಡಿಸಿದ್ದ ಮನೆಯೊಂದರ ಬಾಗಿಲು ತಟ್ಟಿದ. ಮನೆಯಾಕೆ ಶಾಂತಮ್ಮ ಹೊರಗೆ ಬಂದರು.

"ಮಳೆಗಾಲದಲ್ಲಿ ಎಂತ ಕೈಯಾಡ್ಸೋದು ಮಾರಾಯ?"

"ಕೈಯಾಡ್ಸೋದಲ್ಲ ಅಮ್ಮ. ಸ್ವಲ್ಪ ಹೊತ್ತು ಮೇಲೆ ಕೂತ್ಕೊಳ್ಳಾ?"

ಇಂಥ ಬೇಡಿಕೆಗೆ ಇಲ್ಲವೆನ್ನುವುದು ಹೇಗೆಂದು ಶಾಂತಮ್ಮನಿಗೆ ತೋಚಲಿಲ್ಲ. ಹತ್ತಿದ. ಪಾಚಿ ಕಟ್ಟಿದ ಹಂಚಿನ ಮೇಲೆ ಕಾಲೂರಿ ಮಾಡಿನ ನೆತ್ತಿಯ ಕೋಡಿನ ಮೇಲೆ ಕೂತ. ದೇವಸ್ಥಾನದ ಕಲ್ಲು ಮಳೆಯಲ್ಲಿ ನೆನೆದು ಕಪ್ಪಾಗಿತ್ತು. ಅದರ ಶಿಖರದ ಪಕ್ಕಕ್ಕೆ ಶಾಂತಮ್ಮನ ಬಟ್ಟೆಯ ತಂತಿ ಹಾದುಹೋಗಿತ್ತು, ಅದರ ಮೇಲೆ ಎರಡು ಲಂಗ, ಒಂದು ಶಾಲೆಯ ಯೂನಿಫಾರಂ. ನಂದಿಯ ಮಂಟಪದ ನೆರಳಿಗೆ ಕರುವೊಂದು ಬಂದು ನಿಂತಿತ್ತು. ಕೆರಿಯಪ್ಪ ಒಂದು ಗಂಟೆ ನೋಡಿ ಇಳಿದ. ಜಗಲಿಯಲ್ಲಿ, ಜೊತೆಗೆ ತಂದಿದ್ದ ಮಸಿಹಂಚು ತೊಡೆಗಿಟ್ಟುಕೊಂಡು ಶುರುಮಾಡಿದವನು ಶಾಂತಮ್ಮ ತಂದಿಟ್ಟ ಕಾಫಿ ಆರಿ ತಣ್ಣಗಾದದ್ದನ್ನೂ ನೋಡಲಿಲ್ಲ.

ಆಮೇಲೆ ತಡೆಯಿರಲಿಲ್ಲ. ಕೆಳದಿಯಲ್ಲಿ, ನಗರದಲ್ಲಿ, ತೀರ್ಥಹಳ್ಳಿಯ ಹೊಳೆದಂಡೆಯಲ್ಲಿ, ಸಾಗರದ ಸಂತೆ ಬಯಲಿನಲ್ಲಿ ಕೆರಿಯಪ್ಪ ಜನರ ಮಾಡು ಹತ್ತಿ ಸುಮ್ಮನೆ ಕೂತ. ನವೆಂಬರಿನ ಹೊತ್ತಿಗೆ ಇಪ್ಪತ್ತೆರಡು ಹಂಚುಗಳಾದವು.

ಸಾಗರದಲ್ಲಿ ಒಂದು ಸಣ್ಣ ಮದುವೆ ಹಾಲ್ ಅನ್ನು ರಕ್ಷಾ ಭಾನುವಾರಕ್ಕೆ ಹಿಡಿದಿದ್ದಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಂಚುಗಳನ್ನು ಮರದ ಪಟ್ಟಿಗೆ ಒರಗಿಸಿ ಸಾಲಾಗಿ ನಿಲ್ಲಿಸಿದರು. ಹತ್ತು ಗಂಟೆಗೆ ಬಾಗಿಲು ತೆರೆದರೆ ಹನ್ನೊಂದಕ್ಕೆ ಕಾಲಿಡಲು ಜಾಗವಿಲ್ಲ. ಕೆರಿಯಪ್ಪ ಇಸ್ತ್ರಿ ಅಂಗಿ ತೊಟ್ಟು ಗೋಡೆಗೆ ಅಂಟಿಕೊಂಡು ನಿಂತಿದ್ದ. ದೂರದಿಂದ ಬಂದಿದ್ದ ರೆಸಾರ್ಟಿನವರೊಬ್ಬರು ಇಕ್ಕೇರಿಯ ಹಂಚನ್ನು ಮೆಚ್ಚಿ, "ಈ ಬಟ್ಟೆಯ ತಂತಿ ಇಲ್ಲದ ಹಾಗೆ ಒಂದು ಬರೆದುಕೊಡ್ತೀರಾ?" ಎಂದರು.

"ಅದನ್ನ ಶಾಂತಮ್ಮನೋರಿಗೆ ಹೇಳ್ಬೇಕು ಸಾರ್," ಎಂದ ಕೆರಿಯಪ್ಪ. "ಅವ್ರು ಬಟ್ಟೆ ಒಳಗೆ ತಗೊಂಡ ದಿನ ಬರೀತೀನಿ."

ಎಡವಟ್ಟಾಗಿದ್ದು ಆಗಲೇ. ನಿರಂಜನ ಮೇಷ್ಟ್ರು ಬಂದಿದ್ದರು. ನಗರ ಕೋಟೆಯ ಹಂಚಿನ ಮುಂದೆ ನಿಂತು, "ನಮ್ಮಜ್ಜಿ ಮನೆ ಇಲ್ಲೇ ಬರೋದು," ಎಂದು ಹೆಬ್ಬೆರಳು ಒತ್ತಿ ತೋರಿಸಿದರು. ಬೆರಳು ತೆಗೆದರೆ ಕೋಟೆಯ ಒಂದು ಬುರುಜು ಬೆರಳಿಗೇ ಬಂದಿತ್ತು. ಹಂಚಿನ ಮೇಲೆ ಅಲ್ಲಿ ಉಳಿದದ್ದು ಕೆಂಪು ಮಚ್ಚೆ.

ಹಳೆಯ ಅಡುಗೆಮನೆಗಳ ಮಸಿ ಹತ್ತಾರು ವರ್ಷ ಕಾದು ಹಂಚಿಗೆ ಕಚ್ಚಿಕೊಂಡದ್ದು. ಪುಷ್ಪಮ್ಮನ ಮಸಿಗೆ ನಾಲ್ಕೇ ತಿಂಗಳು. ರಕ್ಷಾ ತಿರುಗಿ ನೋಡಿದರೆ ಹಾಲ್ ತುಂಬ ಕಪ್ಪು ಬೆರಳುಗಳು. ಒಬ್ಬರ ಸೆರಗು ಕಪ್ಪು, ಒಬ್ಬರ ಮೂಗು ಕಪ್ಪು, ಬಿಳಿ ಮೇಜುಬಟ್ಟೆಯನ್ನಂತೂ ಕೇಳುವ ಹಾಗಿಲ್ಲ.

"ಯಾರೂ ಮುಟ್ಬೇಡಿ!" ಎಂದು ಕೂಗಿ ಅವಳು ಚಪ್ಪಲಿಯೂ ಹಾಕಿಕೊಳ್ಳದೆ ರಸ್ತೆ ದಾಟಿ ಎದುರಿನ ಬ್ಯೂಟಿ ಪಾರ್ಲರಿಗೆ ನುಗ್ಗಿದಳು. ಐದು ನಿಮಿಷದಲ್ಲಿ ನಾಲ್ಕು ಡಬ್ಬಿ ಹೇರ್ ಸ್ಪ್ರೇ ಹಿಡಿದು ಬಂದಳು. ಇದ್ದಿಲ ಚಿತ್ರ ಅಳಿಸದಿರಲು ಕಾಲೇಜಿನಲ್ಲಿ ಅವರೆಲ್ಲ ಅದನ್ನೇ ಹೊಡೆಯುತ್ತಿದ್ದರಂತೆ. ಒಂದು ಡಬ್ಬಿ ಅವಳು, ಒಂದು ಪುಷ್ಪಮ್ಮ ಹಿಡಿದು ಸಾಲಾಗಿ ಬುಸ್ ಬುಸ್ ಎಂದು ಹೊಡೆದುಕೊಂಡು ಹೋದರು. ಇಡೀ ಹಾಲ್ ಘಮ್ಮೆಂದಿತು. ಪುಷ್ಪಮ್ಮ ಬೆರಳ ತುದಿಯಿಂದ ಮೆಲ್ಲಗೆ ಒಂದನ್ನು ಮುಟ್ಟಿ ನೋಡಿದಳು. ಬೆರಳು ಚೊಕ್ಕಟವಾಗಿತ್ತು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಮೇಷ್ಟ್ರು ಮಾತ್ರ ಮೂಲೆಯಲ್ಲಿ ಸಣ್ಣ ಮುಖ ಮಾಡಿ ನಿಂತಿದ್ದರು. ಅವರ ಬೆರಳು ಬಿದ್ದ ಹಂಚಿಗೆ ಕೆರಿಯಪ್ಪ ಇನ್ನೂ ಸ್ಪ್ರೇ ಹೊಡೆಯಗೊಟ್ಟಿರಲಿಲ್ಲ. ಜೇಬಿನಿಂದ ಮೊಳೆ ತೆಗೆದು ಆ ಮಚ್ಚೆಯ ಸುತ್ತ ನಾಲ್ಕು ಗೆರೆ ಗೀರಿದ, ಕೆಳಗೊಂದು ಕಾಂಡ ಎಳೆದ. ಬುರುಜು ಇದ್ದಲ್ಲಿ ಈಗ ಕೆಂಪಗೆ ಹೂ ಬಿಟ್ಟ ಮುತ್ತುಗದ ಮರ.

"ಅಲ್ಲಿ ಮುತ್ತುಗದ ಮರ ಇದ್ಯೇನೋ?" ಮೇಷ್ಟ್ರು ಹತ್ತಿರ ಬಂದು ಕೇಳಿದರು.

"ನೀವು ನೆಟ್ರಲ್ಲ ಸಾರ್."

ಆ ಹಂಚನ್ನು ಮೇಷ್ಟ್ರೇ ಕೊಂಡರು. ಚೌಕಾಶಿ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಉಳಿದದ್ದು ಒಂದೇ ಹಂಚು, ಬ್ಯಾಂಕಿನ ಕ್ಯಾಲೆಂಡರಿನಂಥದ್ದು. ಅದನ್ನು ತಾನೇ ಇಟ್ಟುಕೊಳ್ಳುತ್ತೇನೆ, ಮಕ್ಕಳಿಗೆ ತೋರಿಸಲು ಬೇಕು ಎಂದು ರಕ್ಷಾ ತೆಗೆದುಕೊಂಡಳು.

ಈಗಲೂ ಕೆರಿಯಪ್ಪ ಸಂಕ್ರಾಂತಿಯಿಂದ ಮಳೆಯವರೆಗೆ ಹಂಚು ಕೈಯಾಡಿಸುತ್ತಾನೆ. ಮಿಕ್ಕ ದಿನಗಳಲ್ಲಿ ಚಿತ್ರ. ಆರ್ಡರಿನ ಮೇಲೂ ಬರೆದುಕೊಡುತ್ತಾನೆ, ಆದರೆ ಮಾಡು ಹತ್ತಲು ಬಿಡಬೇಕು. ಮಸಿಯ ಜವಾಬ್ದಾರಿ ಪೂರ್ತಿ ಪುಷ್ಪಮ್ಮನದು. ಅರ್ಧ ದುಡ್ಡೂ ಅವಳದೇ.

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವಳು ಸೀರೆ ಎತ್ತಿ ಕಟ್ಟಿ, "ಏಣಿ ಹಿಡೀರಿ. ಇಷ್ಟು ವರ್ಷದಿಂದ ಮೇಲೆ ಕೂತು ಎಂತ ನೋಡ್ತೀರಿ, ನಾನೂ ನೋಡ್ತೀನಿ," ಎಂದಳು. ಕೆರಿಯಪ್ಪ ಮೊದಲು ತಾನು ಹತ್ತಿ, ಕೈಕೊಟ್ಟು ಎಳೆದುಕೊಂಡು, ಕೋಡಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡ. ಕೊಡಚಾದ್ರಿಯ ಬೆನ್ನು ನೀಲಿಯಾಗಿ ಕಾಣುತ್ತಿತ್ತು. ಕೆರೆಯ ನೀರು ಮಿರಮಿರ ಮಿಂಚುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. ಕೆರಿಯಪ್ಪನಿಗೆ ಒಳಗೊಳಗೇ ಹಿಗ್ಗು.

"ಚಂದ ಐತಲ್ಲೇ?" ಎಂದ.

ಪುಷ್ಪಮ್ಮ ಕೈ ಚಾಚಿ ಪಕ್ಕದ ಮನೆಯ ಹಿತ್ತಿಲು ತೋರಿಸಿದಳು. "ನೋಡಿ ಅಲ್ಲಿ, ಬಾವಿಕಟ್ಟೆ ಮೇಲೆ! ದೀಪಾವಳಿಯಿಂದ ಹುಡುಕ್ತಿರೋ ನಮ್ಮ ಸ್ಟೀಲ್ ಬಕೆಟ್!"

ಅವಳು ಆಗಲೇ ಏಣಿಯ ಕಡೆ ಜಾರತೊಡಗಿದ್ದಳು. ಕೆರಿಯಪ್ಪ ನಗು ತಡೆದುಕೊಂಡು ಅವಳ ರಟ್ಟೆ ಹಿಡಿದ.