ಮಾವ ಇಟ್ಟ ಹೆಸರು

ಕುಂಟುವ ಮೇಜಿನ ಕಾಲಡಿ ಇಡುವ ಮರದ ಚಕ್ಕೆಗೆ ಆ ಬೀದಿಯವರೆಲ್ಲ 'ಅಳಿಯ' ಎನ್ನುತ್ತಿದ್ದರು. ಹಾಗೆ ಹೆಸರಿಟ್ಟವನು ಮುದುಕ ಬಡಗಿ. "ಥೇಟ್ ನನ್ನ ಅಳಿಯನೇ ಇದು, ಕಾಲ ಕೆಳಗೆ ಬಿದ್ದಿರೋದಕ್ಕಷ್ಟೇ ಲಾಯಕ್ಕು" ಎಂದು ಗಿರಾಕಿಗಳ ಮುಂದೆ ಹಲ್ಲು ಕಿರಿದಿದ್ದ. ಆ ಅಳಿಯ ಇಪ್ಪತ್ತು ವರ್ಷ ಅವುಡುಗಚ್ಚಿ ಅದೇ ಅಂಗಡಿಯಲ್ಲಿ ಮರ ಕೊಯ್ದ. "ಎರಡು ಅಳಿಯ ಕೊಡಪ್ಪ" ಎಂದು ಯಾರಾದರೂ ಕೇಳಿದಾಗಲೆಲ್ಲ ಮೈಯೆಲ್ಲ ಉರಿದರೂ ಕೆತ್ತಿ ಕೊಟ್ಟ.

ಕೊನೆಗೆ ಮಾವ ಹಾಸಿಗೆ ಹಿಡಿದ. ಮಗ್ಗುಲು ಬದಲಿಸಿದರೆ ಸಾಕು, ಒಂದು ಕಾಲು ಗಿಡ್ಡವಾಗಿದ್ದ ಮಂಚ ಲಟಲಟ ಅಲ್ಲಾಡುತ್ತಿತ್ತು. ಅಳಿಯ ಒಂದು ಚಕ್ಕೆ ಹಿಡಿದು ಎದುರಿಗೆ ಬಂದು ನಿಂತ.

"ಇದಕ್ಕೇನಂತಾರೆ, ಮಾವ?"

"ಚಕ್ಕೆ."

"ಅದಲ್ಲ. ನೀವಿಟ್ಟ ಹೆಸರು ಹೇಳಿ."

ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. ಅಳಿಯ ಚಕ್ಕೆಯನ್ನು ಜೇಬಿಗೆ ಹಾಕಿಕೊಂಡ.

"ನೆನಪಾದ ದಿನ ಕೂಗಿ, ತಂದು ಇಡ್ತೀನಿ. ಅಲ್ಲೀವರೆಗೂ ಅಲ್ಲಾಡ್ತಿರಿ."