ಒಂದು ಹೆಜ್ಜೆ ಹಿಂದಿದ್ದ ಪರದೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪರದೆಯಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ಕಡತ ಜೋಡಿಸುವ ಕೆಲಸಕ್ಕೆ ಸೇರಿದವಳು ಬಿಡುವಿನಲ್ಲಿ ಕಂಪ್ಯೂಟರ್ ಕಲಿತು, ಕಾಯುವ ಕೋಣೆಯ ಗೋಡೆಗೆ ದೊಡ್ಡ ಪರದೆಯೊಂದನ್ನು ಹಾಕಿಸಿದ್ದಳು. ಮೇಲೆ ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ಒಂದು ಫಾರಂ ತುಂಬಿ ಗುಂಡಿ ಒತ್ತಿದರೆ ಸಾಕು, ಯಾರು ಒಳಗಿದ್ದಾರೆ, ಯಾರನ್ನು ವಾರ್ಡಿಗೆ ಕರೆದೊಯ್ದರು ಎಂಬುದು ಕೆಳಗೆ ಕೂತ ಮನೆಯವರಿಗೆ ಕಾಣುತ್ತಿತ್ತು. ಅದಕ್ಕೂ ಮೊದಲು ಅವರು ಬಾಗಿಲು ಕಿರುಗುಟ್ಟಿದಾಗಲೆಲ್ಲ ಎದ್ದು ನಿಂತು, ಕಸ ಗುಡಿಸುವವಳನ್ನೂ ಬಿಡದೆ "ಏನಾಯ್ತಮ್ಮಾ?" ಎಂದು ಕೇಳುತ್ತಿದ್ದರು.

ಅವಳು ಹುಟ್ಟಾ ಅಂಜುಬುರುಕಿ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವಳು ವಾಪಸ್ ಬಂದು ಬೀಗ ಜಗ್ಗಿ ನೋಡುವಳು. ಬಸ್ ಓಡಿಸುವ ಗಂಡ ನಗುತ್ತಿದ್ದ: "ನಮ್ಮ ಮದುವೆ ಆಗಿದೆ ಅನ್ನೋದಾದ್ರೂ ನಂಬಿಕೆ ಇದೆಯಾ? ಇಲ್ಲ, ಅದನ್ನೂ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀಯಾ?"

ಅಂಥವಳ ಕೈಯಿಂದಲೇ ಎಡವಟ್ಟಾಯಿತು. ಪರದೆ ತುಂಬಾ ನಿಧಾನ ಎಂಬ ದೂರಿತ್ತು. ಒಂದು ಸಂಜೆ ಕೂತು, ನರ್ಸ್ ಗುಂಡಿ ಒತ್ತಿದಾಗ ಮಾತ್ರ ಪರದೆಯ ಮೇಲಿನ ಪುಟ ಹೊಸದಾಗುವಂತೆ ತಿದ್ದಿದಳು. ತಾನೇ ಒಂದು ಫಾರಂ ತುಂಬಿ ಕಳಿಸಿ, ಮಾಹಿತಿಯೆಲ್ಲ ಕೂಡಿಡುವ ಡೇಟಾಬೇಸ್ ತೆಗೆದು ನೋಡಿದಳು. ಹೊಸ ಮಾಹಿತಿ ಜಾಗದಲ್ಲಿ ಸರಿಯಾಗಿ ಕೂತಿತ್ತು. ಅಲ್ಲಿಗೆ ಮನಸ್ಸು ನಿರಾಳವಾಯಿತು. ಪುಟವನ್ನೇ ತೆರೆದು ನೋಡಬೇಕೆಂದು ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ದರ್ಜಿಯೊಬ್ಬ ಅವಳ ಕೋಣೆಯ ಬಾಗಿಲಿಗೆ ಬಂದ. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಆರು ವರ್ಷದ ಮಗಳಿಗೆ ಗಂಟಲಿನ ಆಪರೇಷನ್. ಹೆಂಡತಿ ಹಸಿಗೂಸಿನೊಂದಿಗೆ ಮನೆಯಲ್ಲಿದ್ದಳು.

"ಅಕ್ಕಾ, ಅರ್ಧ ಗಂಟೆ ಸಾಕು ಅಂದಿದ್ರು ಡಾಕ್ಟ್ರು. ಊಟದ ಹೊತ್ತೂ ಮೀರ್ತು. ಇನ್ನೂ 'ಆಪರೇಷನ್ ನಡೆಯುತ್ತಿದೆ' ಅಂತಾನೇ ಬರ್ತಿದೆ."

"ಪರದೆ ಸುಳ್ಳು ಹೇಳಲ್ಲಣ್ಣ. ಮುಗಿದ ತಕ್ಷಣ ಬದಲಾಗುತ್ತೆ. ಹೋಗಿ ಕೂತ್ಕೊಳ್ಳಿ."

ಅವನು ತಲೆ ತಗ್ಗಿಸಿ ಹೋದ. ಆದರೆ ಅವಳಿಗೆ ಕೂರಲಾಗಲಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಇಷ್ಟು ಹೊತ್ತೇ? ಮಗುವಿಗೆ ಏನೋ ಆಗಿರಬೇಕು. ಇಲ್ಲವೇ ನಿನ್ನೆ ತಿದ್ದಿದ್ದರಲ್ಲಿ ಏನೋ ತಪ್ಪಿರಬೇಕು. ತಪ್ಪು ತನ್ನದೇ ಆಗಿರಲಪ್ಪಾ ಎಂದುಕೊಳ್ಳುತ್ತ ಡೇಟಾಬೇಸ್ ತೆರೆದಳು. 'ವಾರ್ಡಿಗೆ ಕಳಿಸಲಾಗಿದೆ' ಎಂದು ಬೆಳಿಗ್ಗೆಯೇ ದಾಖಲಾಗಿತ್ತು. ಪುಟ ತೆರೆದರೆ, 'ನಡೆಯುತ್ತಿದೆ'.

ತಾನು ತಿದ್ದಿದ ಸಾಲುಗಳನ್ನು ಮತ್ತೆ ಓದಿದಳು. ಪುಟ ಮೊದಲು ಡೇಟಾಬೇಸಿನಲ್ಲಿದ್ದ ಮಾಹಿತಿ ಓದಿಕೊಂಡು, ಆಮೇಲೆ ನರ್ಸ್ ಕಳಿಸಿದ ಹೊಸದನ್ನು ಅಲ್ಲಿ ಉಳಿಸುತ್ತಿತ್ತು. ಹಾಗಾಗಿ ಪ್ರತಿ ಸಲವೂ ಹಿಂದಿನದನ್ನೇ ತೋರಿಸುತ್ತಿತ್ತು. ಬೆಳಗಿನ ರೋಗಿಗಳ ವಿಷಯದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರ ಹಿಂದೆ ಇನ್ನೊಬ್ಬರ ಫಾರಂ ಬಂದು ಹಳೆಯದನ್ನು ಸರಿಸುತ್ತಿತ್ತು. ದರ್ಜಿಯ ಮಗಳು ಆ ದಿನದ ಕೊನೆಯವಳು. ಅವಳ ಹಿಂದೆ ಯಾರೂ ಬರಲಿಲ್ಲ.

ಬಿದ್ದಂಬೀಳ ಕೆಳಗೆ ಓಡಿದಳು. ದರ್ಜಿ ಕಿಟಕಿಯ ಬಳಿ ನಿಂತು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದ.

"ಅಣ್ಣಾ, ಮಗು ಚೆನ್ನಾಗಿದೆ. ವಾರ್ಡಿಗೆ ಬಂದು ಎಷ್ಟೋ ಹೊತ್ತಾಯ್ತು. ಪುಟ ತಪ್ಪು ತೋರಿಸ್ತಿತ್ತು. ತಪ್ಪು ನಂದು."

ಅವನ ಮುಖ ಬಿಳಿಚಿಕೊಂಡಿತು. "ಈಗ ತಾನೇ ಸುಳ್ಳು ಹೇಳಲ್ಲ ಅಂದ್ರಿ. ಏನಾದ್ರೂ ಆಗಿದ್ರೆ ಹೇಳ್ಬಿಡಿ ಅಕ್ಕಾ. ಸುತ್ತಿ ಬಳಸಿ ಹೇಳ್ಬೇಡಿ."

ಮಗು ವಾರ್ಡಿಗೆ ಬಂದಿದೆ ಎಂದಷ್ಟೇ ಅವಳಿಗೆ ಗೊತ್ತು. ಚೆನ್ನಾಗಿದೆ ಎಂದದ್ದು ತಾನೇ ಸೇರಿಸಿದ ಮಾತು. "ಬನ್ನಿ, ನೋಡೋಣ" ಎಂದು ಮೆಟ್ಟಿಲು ಹತ್ತತೊಡಗಿದಳು. ಹಿಂದೆ ಅವನ ಏದುಸಿರು ಕೇಳುತ್ತಿತ್ತು.

ಮಗು ವಾರ್ಡಿನಲ್ಲಿ ನರ್ಸಿನ ತೊಡೆಯ ಮೇಲೆ ಕೂತಿತ್ತು. ಅತ್ತೂ ಅತ್ತೂ ಕಣ್ಣುಗಳು ಊದಿಕೊಂಡಿದ್ದವು.

"ಕೆಳಗೆ ಪರದೆ ನೋಡಿ ಬರ್ತಾರೆ ಅಂತ ಕಾಯ್ತಾನೇ ಇದ್ದೆ," ಎಂದಳು ನರ್ಸ್. "ಫಾರಂ ಕಳಿಸಿದಾಗ ನನಗಿಲ್ಲಿ 'ಉಳಿಸಲಾಗಿದೆ' ಅಂತ ಬಂತಲ್ಲ!"

"ಎಲ್ಲಿ ಹೋಗಿದ್ದೆ ಅಪ್ಪಾ?" ಮಗುವಿನ ದನಿ ಪಿಸುಮಾತಿನಷ್ಟಿತ್ತು. ದರ್ಜಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಇತ್ತ ತಿರುಗದೆಯೇ ಹೇಳಿದ: "ಕೂತ್ಕೊಳ್ಳಿ ಅಂದ್ರಲ್ಲ ಅಕ್ಕಾ, ಕೂತ್ಕೊಂಡೆ."

ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕೋಣೆಗೆ ಮರಳಿ, ಮೊದಲು ಉಳಿಸಿ, ಆಮೇಲೆ ಹೊಸದಾಗಿ ಓದಿ ತೋರಿಸುವಂತೆ ಪುಟವನ್ನು ಬದಲಿಸಿದಳು. ಒಂದು ಫಾರಂ ಕಳಿಸಿದಳು. ಈ ಸಲ ಕೆಳಗಿಳಿದು ಪರದೆಯನ್ನು ಕಣ್ಣಾರೆ ನೋಡಿದಳು.

ಮಗಳನ್ನು ಮನೆಗೆ ಕರೆದೊಯ್ಯುವ ದಿನ ದರ್ಜಿ ಅವಳತ್ತ ತಲೆಯಾಡಿಸಿದ. ಅಷ್ಟೇ.

ಈಗ ಪುಟದಲ್ಲಿ ಒಂದು ಸಾಲು ತಿದ್ದಿದರೂ ಮರುದಿನ ಬೆಳಿಗ್ಗೆ ಅವಳು ಕಾಯುವ ಕೋಣೆಯ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ. ಪಕ್ಕದವರು ಕನಿಕರದಿಂದ ಕೇಳುತ್ತಾರೆ, "ನಿಮ್ಮೋರು ಯಾರಮ್ಮಾ ಒಳಗಿರೋದು?"

"ಯಾರೂ ಇಲ್ಲ. ಪರದೆ ನೋಡೋಕೆ ಬಂದೆ," ಎನ್ನುತ್ತಾಳೆ ಅವಳು.

ಕೆಲವರು ಅವಳ ಮುಖವನ್ನೊಮ್ಮೆ ನೋಡಿ ಮೆಲ್ಲಗೆ ಆಚೆ ಸರಿದು ಕೂರುತ್ತಾರೆ.