ಒಂದೇ ಕೈಯಲ್ಲಿ ತೆರೆಯುವ ಚಿಲಕ

"ಅಮ್ಮಾ, ಗೆರ್ಲೊಫ್ ತಾತ ಕಳ್ಳನಾ?"

ಮೂರೂವರೆ ವರ್ಷದ ಫೆನ್ನಾ ಬ್ರೆಡ್ಡಿನ ಮೇಲಿನ ಚಾಕೊಲೇಟ್ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತ ಕೇಳಿದಳು. ಹನ್ನೆಕೆಯ ಕೈಯಲ್ಲಿದ್ದ ಬೆಣ್ಣೆ ಚಾಕು ಅಲ್ಲೇ ನಿಂತಿತು.

"ಯಾರು ಹೇಳಿದ್ದು ನಿಂಗೆ?"

"ಬ್ರಾಮ್. ಅವರಪ್ಪ ಹೇಳಿದ್ರಂತೆ. ತಾತ ಬೇರೆಯವರ ಚಿಲಕ ಕದ್ದಿದಾರಂತೆ."

"ಬ್ರಾಮ್‌ನ ಅಪ್ಪನಿಗೆ ತನ್ನ ಸೈಕಲ್ ಚೈನಿಗೆ ಎಣ್ಣೆ ಬಿಡೋಕೂ ಬರಲ್ಲ. ನೀನು ಹಾಲು ಕುಡಿ."

ಹಾಗೆಂದು ಹನ್ನೆಕೆ ತನ್ನ ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಂದು ಗುರುವಾರ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಸಾಕ್ಷ್ಯ ಕೊಡದಿದ್ದರೆ ಗೆರ್ಲೊಫ್‌ನ ಕಾರ್ಖಾನೆಯ ಬಾಗಿಲು ಮುಚ್ಚುವುದು ಬಹುಮಟ್ಟಿಗೆ ಖಚಿತವಾಗಿತ್ತು.

ಕಾರ್ಖಾನೆಯೆಂದರೆ ದೊಡ್ಡದೇನಲ್ಲ, ಗ್ರೊನಿಂಗನ್ ಊರಿನ ಕಾಲುವೆ ಪಕ್ಕದ ಓಣಿಯಲ್ಲಿ, ಹನ್ನೆಕೆಯ ಮನೆಯ ಕೆಳಗೇ ಇರುವ ಒಂದು ಶೆಡ್ಡು. ಹಡಗುಕಟ್ಟೆಯಲ್ಲಿ ಇಪ್ಪತ್ತು ವರ್ಷ ಬೆಸುಗೆ ಹಾಕಿದ ಗೆರ್ಲೊಫ್, ಆ ಕಟ್ಟೆ ಮುಚ್ಚಿದ ಮೇಲೆ ಇಲ್ಲಿ ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಗುವ ಸೈಕಲ್ಲುಗಳನ್ನು ಕಟ್ಟತೊಡಗಿದ. ಈಗ ವಯಸ್ಸು ಅರವತ್ತಮೂರು. ಯಾರ ಮನೆಗೆ ಹೋದರೂ ಕಾಫಿಯನ್ನು ನಿಂತೇ ಕುಡಿಯುವವನು. ಕೈಮೂಳೆ ಮುರಿದಾಗ ಅಂಗಿಯ ಗುಂಡಿಯನ್ನು ಹಲ್ಲಿನಿಂದ ಹಾಕಿಕೊಂಡನೇ ಹೊರತು ಯಾರನ್ನೂ ಕರೆಯಲಿಲ್ಲ.

ಫೆನ್ನಾ ಹುಟ್ಟಿದ ವರ್ಷದ ಮೇ ತಿಂಗಳಲ್ಲಿ ಹನ್ನೆಕೆ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸೈಕಲ್ಲಿನ ಮಳೆಹೊದಿಕೆಯ ಎರಡು ಕೊಂಡಿಗಳ ಜೊತೆ ಗುದ್ದಾಡುತ್ತ ನೆನೆಯುವುದನ್ನು ಅವನು ಬಾಗಿಲಿನಿಂದ ನೋಡಿದ್ದ. ವಾರದೊಳಗೆ ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಕೈಗವಸು ಹಾಕಿದ್ದರೂ ತೆರೆಯುವ ಒಂದು ಚಿಲಕ ಮಾಡಿ ಅವಳ ಸೈಕಲ್ಲಿಗೆ ಹಾಕಿದ. ಆಮೇಲೆ ಓಣಿಯ ಇನ್ನೂ ಹನ್ನೊಂದು ಮನೆಗಳ ಸೈಕಲ್ಲುಗಳಿಗೂ ಹಾಕಿದ. ಪರೀಕ್ಷೆಗೆ ಹಾಕಿದ್ದಕ್ಕೆ ಬಿಲ್ಲು ಬರೆಯುವ ಅಭ್ಯಾಸ ಅವನಿಗಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ ಒಂಬತ್ತರಂದು ದಕ್ಷಿಣದ ಒಂದು ದೊಡ್ಡ ಸೈಕಲ್ ಕಂಪನಿ ಅಂಥದ್ದೇ ಚಿಲಕಕ್ಕೆ ಪೇಟೆಂಟ್ ಅರ್ಜಿ ಹಾಕಿತು. ಈಗ ಪೇಟೆಂಟ್ ಕೈಗೆ ಬಂದಿದೆ. ಹೇಗ್ ನಗರದಲ್ಲಿರುವ ಹೊಸ ಯುರೋಪಿಯನ್ ಪೇಟೆಂಟ್ ನ್ಯಾಯಾಲಯದಲ್ಲಿ ಗೆರ್ಲೊಫ್‌ನ ಮೇಲೆ ಕೇಸು. ಅಲ್ಲಿ ಒಂದು ಆದೇಶ ಹೊರಟರೆ ಹದಿನೆಂಟು ದೇಶಗಳಲ್ಲಿ ಅವನ ಸೈಕಲ್ಲು ಮಾರುವಂತಿಲ್ಲ. ಪೂರ್ತಿ ವಿಚಾರಣೆಗೂ ಮೊದಲೇ ತಡೆ ಕೊಡಿ ಎಂದು ಕಂಪನಿ ಕೇಳಿತ್ತು.

"ಸೆಪ್ಟೆಂಬರ್ ಒಂಬತ್ತಕ್ಕೆ ಮುಂಚೆ ಈ ಚಿಲಕ ಬೀದೀಲಿ ಓಡಾಡ್ತಿತ್ತು ಅಂತ ತೋರಿಸಿ ಸಾಕು, ಪೇಟೆಂಟ್ ನಿಲ್ಲಲ್ಲ," ಎಂದಿದ್ದಳು ವಕೀಲೆ ಬೂಮ್ಸ್ಮಾ.

"ಇಡೀ ಓಣಿ ನೋಡಿದೆಯಲ್ಲಮ್ಮ," ಎಂದಿದ್ದ ಗೆರ್ಲೊಫ್.

"ಓಣಿಯೋರು ನಿಮ್ಮ ಸ್ನೇಹಿತರು. ತಾರೀಖಿರೋ ವಸ್ತು ಬೇಕು. ಆ ಹಳೇ ಚಿಲಕ ಒಂದಾದ್ರೂ ಇಲ್ವಾ?"

ಇರಲಿಲ್ಲ. ಸುಧಾರಿಸಿದ ಚಿಲಕ ಮಾಡಿದಾಗಲೆಲ್ಲ ಗೆರ್ಲೊಫ್ ಮನೆಮನೆಗೆ ಹೋಗಿ ಹಳೆಯದನ್ನು ಬಿಚ್ಚಿ ತರುತ್ತಿದ್ದ. ಅದೇ ಉಕ್ಕನ್ನು ಅರದಲ್ಲಿ ಉಜ್ಜಿ ಮುಂದಿನದಕ್ಕೆ ಬಳಸುತ್ತಿದ್ದ.

"ಒಳ್ಳೇ ಉಕ್ಕು ಕಣಮ್ಮ, ಎಸೆಯೋಕೆ ಮನಸ್ಸು ಬರುತ್ತಾ?" ಎಂದ. ವಕೀಲೆ ಕಣ್ಣು ಮುಚ್ಚಿಕೊಂಡಳು.

ಹನ್ನೆರಡು ಮನೆಯವರೂ ಫೋನು ತಡಕಾಡಿದರು. ಹನ್ನೆಕೆಯ ಫೋನಿನಲ್ಲಿ ಆ ಬೇಸಿಗೆಯ ನಾನೂರು ಚಿತ್ರಗಳಿದ್ದವು. ನಾನೂರರಲ್ಲೂ ಫೆನ್ನಾಳ ಮೂಗು. ಒಂದರಲ್ಲಿ ಚಕ್ರದ ತುದಿ ಕಂಡಿತು, ಅಷ್ಟೇ.

ಫೆನ್ನಾಳನ್ನು ಶಿಶುವಿಹಾರಕ್ಕೆ ಬಿಟ್ಟು ಬಂದು ಹನ್ನೆಕೆ ಬೀರುವಿನ ಕೆಳಗಿನ ಖಾನೆ ತೆಗೆದಳು. ಅಲ್ಲಿ ಅವಳ ದಿನಚರಿಗಳಿದ್ದವು. ಮೇ ಹದಿನೇಳು ಸಿಕ್ಕಿತು. ಗೆರ್ಲೊಫ್ ಹೊಸ ಚಿಲಕ ಹಾಕಿಕೊಟ್ಟದ್ದು, ಒತ್ತಿದರೆ ಮೊಳೆ ಹಿಂದೆ ಸರಿಯುವುದು, ಪಕ್ಕದಲ್ಲಿ ಪೆನ್ಸಿಲಿನ ಚಿತ್ರ, ಬಾಣದ ಗುರುತು. ಕೆಳಗೆ, ಅದೇ ಪುಟದಲ್ಲಿ, ಹೀಗಿತ್ತು: ಇವತ್ತು ಕಾಲುವೆಯಂಚಿನಲ್ಲಿ ನಿಂತು, ಸೈಕಲ್ಲಿನ ಹಿಡಿ ಬಿಟ್ಟುಬಿಟ್ಟರೆ ಎಲ್ಲ ಸದ್ದಡಗುತ್ತದೆ ಎಂದು ಬಹಳ ಹೊತ್ತು ಯೋಚಿಸಿದೆ. ಕೂಸು ಪೆಟ್ಟಿಗೆಯಲ್ಲಿ ಮಲಗಿತ್ತು.

ಅದನ್ನು ಅವಳು ವೈದ್ಯರಿಗೆ ಹೇಳಿರಲಿಲ್ಲ, ಗಂಡ ರೂಲೊಫ್‌ಗೂ ಹೇಳಿರಲಿಲ್ಲ.

ವಕೀಲೆಗೆ ಫೋನು ಮಾಡಿದಳು. "ಕೆಳಗಿನ ಸಾಲುಗಳಿಗೆ ಕಪ್ಪು ಬಳಿದು ಕೊಡಬಹುದಾ?"

"ಬಳಿದ್ರೆ ಅಲ್ಲೇನಿದೆ ಅಂತ ಮೊದಲು ಕೇಳೋರೇ ಅವರು. ಈ ಪುಟ ಆಮೇಲೆ ಸೇರಿಸಿ ಬರೆದಿದ್ದಲ್ಲ ಅಂತ ತೋರಿಸೋಕೆ ಇಡೀ ಪುಸ್ತಕ ಬೇಕು, ಹನ್ನೆಕೆ. ಹೊರಗಿನೋರಿಗೆ ತೋರಿಸ್ಬೇಡಿ ಅಂತ ಕೋರ್ಟನ್ನ ಕೇಳ್ಕೋತೀನಿ. ಆದ್ರೂ ಎದುರಿನ ವಕೀಲರು ಓದ್ತಾರೆ, ನ್ಯಾಯಾಧೀಶರು ಓದ್ತಾರೆ."

ಪುಸ್ತಕವನ್ನು ಕೋಟಿನೊಳಗೆ ಇಟ್ಟುಕೊಂಡು ಅವಳು ಶೆಡ್ಡಿಗೆ ಇಳಿದಳು. ಗೆರ್ಲೊಫ್ ಅರ ಹಿಡಿದು ನಿಂತಿದ್ದ, ಆದರೆ ಉಜ್ಜುತ್ತಿರಲಿಲ್ಲ. ಪುಟದ ಕೆಳಭಾಗವನ್ನು ಅಂಗೈಯಿಂದ ಮುಚ್ಚಿ ಅವನ ಮುಂದೆ ಹಿಡಿದಳು. ಅವನು ಕನ್ನಡಕ ಏರಿಸಿ ನೋಡಿದ.

"ಮೊಳೆ ಉಲ್ಟಾ ಬರೆದಿದೀಯಲ್ಲೇ ಹುಡುಗಿ."

"ರಾತ್ರಿಯೆಲ್ಲ ನಿದ್ದೆ ಇಲ್ಲದೆ ಬರೆದಿದ್ದು. ಸುಮ್ನೆ ಓದಿ."

ಓದಿದ. ತಾರೀಖಿನ ಮೇಲೆ ಅವನ ಬೆರಳು ನಿಂತಿತು. ಆಮೇಲೆ ಅವಳ ಅಂಗೈಯನ್ನು ನೋಡಿದ.

"ಕೆಳಗೇನಿದೆ?"

"ನನ್ನದು. ಇದು ಕೋರ್ಟಿಗೆ ಹೋದ್ರೆ ಅದೂ ಹೋಗುತ್ತೆ."

ಗೆರ್ಲೊಫ್ ಒಂದು ಹೆಜ್ಜೆ ಹಿಂದೆ ಸರಿದ. "ಹಾಗಾದ್ರೆ ಬೇಡ. ಮನೆಗೆ ತಗೊಂಡು ಹೋಗು. ಶೆಡ್ಡು ಹೋದ್ರೆ ಹೋಗ್ಲಿ, ಯಾವುದಾದ್ರೂ ಅಂಗಡೀಲಿ ಪಂಕ್ಚರ್ ಹಾಕ್ಕೊಂಡಿರ್ತೀನಿ."

"ನಮ್ಮ ಮಗು ನಿಮ್ಮನ್ನ ಕಳ್ಳನಾ ಅಂತ ಕೇಳ್ತು ಇವತ್ತು. ನಾನು ಕೊಡ್ತೀನಿ. ರೂಲೊಫ್‌ಗೆ ಸಂಜೆ ಹೇಳ್ತೀನಿ. ವಕೀಲೆ ಮೂರಕ್ಕೆ ಬರ್ತಾಳೆ."

ಅವನು ಹೋಗಿ ಓಣಿಯ ಕಡೆಯ ಬಾಗಿಲು ಮುಚ್ಚಿದ. ಎರಡು ಸ್ಟೂಲು ಎಳೆದು, ಒಂದನ್ನು ಅವಳ ಕಡೆ ತಳ್ಳಿ, ಇನ್ನೊಂದರ ಮೇಲೆ ಕೂತ.

"ಒಂದು ಉಪಕಾರ ಮಾಡ್ತೀಯಾ ಹನ್ನೆಕೆ?" ಎಂದ. "ಗುರುತು ಪರಿಚಯ ಇಲ್ದಿರೋರು ಅದನ್ನ ಓದೋಕೆ ಮುಂಚೆ, ನಂಗೆ ನೀನೇ ಓದಿ ಹೇಳು."